ನಿವೃತ್ತ ಅಜ್ಜನಿಗೂ ಮನೆಯಲ್ಲಿ ಕೆಲಸವಿರಲಿ

ಮೂವತ್ತು ನಲವತ್ತು ವರ್ಷ ದುಡಿದ ವ್ಯಕ್ತಿಗೆ ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಒಳ್ಳೆಯ ಮಾತನಾಡಿ ಮನೆಗೆ ಕಳುಹಿಸುತ್ತೇವೆ. ಮರುದಿನ ಬೆಳಿಗ್ಗೆ ಆತ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಶಾಲೆ, ಬ್ಯಾಂಕುಗಳಲ್ಲಿ ದುಡಿದವರು, ಮುಂಬಯಿಯಲ್ಲಿ ಜೀವನ ಸವೆಸಿದವರು, ಗಲ್ಫಿನಿಂದ ಅಥವಾ ಹಡಗಿನ ಕೆಲಸದಿಂದ ಮರಳಿದವರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಮನೆ ದೊಡ್ಡದು, ಜನ ಕಡಿಮೆ. ಮಕ್ಕಳು ದೂರದ ಊರಿನಲ್ಲಿ, ಮೊಮ್ಮಕ್ಕಳು ಫೋನಿನ ಪರದೆಯಲ್ಲಿ. ಅರುವತ್ತು ದಾಟಿದ ಮೇಲೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಬದುಕುವುದು ಈಗ ಅಪರೂಪವಲ್ಲ. ಇಷ್ಟು ದೀರ್ಘ ಕಾಲವನ್ನು ಜಗಲಿಯ ಕುರ್ಚಿಯಲ್ಲಿ ಕುಳಿತೇ ಕಳೆಯಲು ಸಾಧ್ಯವೇ?

ಹವ್ಯಾಸ ಏಕೆ ಬೇಕು?

ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ. ಏಳುವ ಹೊತ್ತು, ಮಾತನಾಡಲು ಜನ, 'ನಾನು ಬೇಕಾದವನು' ಎಂಬ ಭಾವನೆ, ಇವೆಲ್ಲವೂ ಅದರೊಂದಿಗೆ ಬರುತ್ತವೆ. ನಿವೃತ್ತಿಯೊಂದಿಗೆ ಇವು ಒಟ್ಟಿಗೇ ನಿಂತುಹೋಗುತ್ತವೆ. ಹಲವು ಅಜ್ಜಂದಿರು ಸಿಡುಕರಾಗುವುದು, ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುವುದು, ಕೆಲವರು ಕುಡಿತಕ್ಕೆ ವಾಲುವುದು ಈ ಹಂತದಲ್ಲಿಯೇ.

65 ವರ್ಷ ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, ಮೂರು ದಿನವಾದರೂ ದೇಹದ ಸಮತೋಲನಕ್ಕೆ ನೆರವಾಗುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಮರೆವಿನ ಕಾಯಿಲೆಯ ಕುರಿತು 2024ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಆಯೋಗದ ವರದಿ, ತಡೆಯಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಒಂಟಿತನದ ಬದುಕು, ದೇಹಶ್ರಮ ಇಲ್ಲದಿರುವುದು, ಕಿವಿ ಮಂದವಾಗುವುದು ಆ ಪಟ್ಟಿಯಲ್ಲಿವೆ. ಆದುದರಿಂದ ಅಜ್ಜನ ಹವ್ಯಾಸವನ್ನು ಬರೀ ಕಾಲಹರಣವೆಂದು ತಳ್ಳಿಹಾಕುವಂತಿಲ್ಲ.

ಅಂಗಳದ ಮಲ್ಲಿಗೆ

ಇದಕ್ಕೆ ನಮ್ಮಲ್ಲೇ ಒಂದು ಸುಂದರ ಉದಾಹರಣೆಯಿದೆ. ಶಂಕರಪುರ, ಶಿರ್ವದ ಸುತ್ತಮುತ್ತಲಿನ ಮನೆಗಳಲ್ಲಿ ಮಲ್ಲಿಗೆ ಕೃಷಿ ಇಡೀ ಕುಟುಂಬದ ಕೆಲಸ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮೊಗ್ಗು ಬಿರಿಯುವ ಮೊದಲೇ, ಬಿಸಿಲೇರುವ ಮುನ್ನ ಕೊಯ್ಯಬೇಕು. ಬಳಿಕ ಬಾಳೆ ನಾರಿನಲ್ಲಿ ಕಟ್ಟಬೇಕು. 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಅಂದರೆ ಒಂದು ಅಟ್ಟಿಗೆ 3,200 ಮೊಗ್ಗು! ಎಣಿಸುವಾಗ ಮನಸ್ಸಿಗೆ, ಕಟ್ಟುವಾಗ ಬೆರಳುಗಳಿಗೆ, ಕೊಯ್ಯುವಾಗ ಬೆನ್ನು ಕಾಲುಗಳಿಗೆ ಕೆಲಸ. ದರ ದಿನವೂ ಏರಿಳಿಯುವುದರಿಂದ ನೆರೆಹೊರೆಯವರೊಡನೆ ಮಾತಿಗೂ ವಿಷಯ ಸಿಗುತ್ತದೆ. ಕೈಗೆ ಬರುವ ಹಣ ಸ್ವಲ್ಪವೇ ಆದರೂ ಅದು ಅಜ್ಜನ ಸ್ವಂತ ಸಂಪಾದನೆ. ಮೊಮ್ಮಗಳಿಗೆ ಚಾಕಲೇಟು ತರಲು ಮಗನಲ್ಲಿ ಕೈಚಾಚಬೇಕಾಗಿಲ್ಲ.

ಜಾಗ ಇಲ್ಲದವರು ಕುಂಡಗಳಲ್ಲಿ ನಾಲ್ಕು ಗಿಡ ನೆಟ್ಟರೂ ಸಾಕು. ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ನೆನೆಸಿ ಬುಡಕ್ಕೆ ಹಾಕುವುದು ಅಜ್ಜನಿಗೆ ಕಷ್ಟದ ಕೆಲಸವಲ್ಲ. ಕೀಟನಾಶಕ ಸಿಂಪಡಿಸುವುದನ್ನು ಮಾತ್ರ ಮನೆಯ ಕಿರಿಯರು ಮಾಡಲಿ.

ಮಲ್ಲಿಗೆಯೊಂದೇ ಹವ್ಯಾಸವಲ್ಲ. ಮಡಲಿನ ಕಡ್ಡಿ ಸವರಿ ಹಿಡಿಸೂಡಿ ಕಟ್ಟುವುದು, ಮಾವಿಗೆ ಕಸಿ ಕಟ್ಟುವುದು, ಹೊಳೆಬದಿಯಲ್ಲಿ ಗಾಳ ಹಾಕುವುದು, ಕೇರಂ, ಪದಬಂಧ, ಹಾಡು, ಹಳೆಯ ಫೋಟೋಗಳ ಹಿಂದೆ ಹೆಸರು ಬರೆದಿಡುವುದು, ಇವೆಲ್ಲ ಒಳ್ಳೆಯವೇ. ಕೊನೆಯದನ್ನು ಈಗಲೇ ಮಾಡದಿದ್ದರೆ ಮುಂದೆ ಆ ಮುಖಗಳನ್ನು ಗುರುತಿಸುವವರೇ ಇರುವುದಿಲ್ಲ.

ಮನೆಯವರು ಗಮನಿಸಬೇಕಾದುದು

'ಅಪ್ಪಾ, ನೀವು ಸುಮ್ಮನೆ ಕೂತುಕೊಳ್ಳಿ, ನಾವು ಮಾಡುತ್ತೇವೆ' ಎನ್ನುವುದು ಪ್ರೀತಿಯ ಮಾತೇ. ಆದರೆ ದಿನವೂ ಅದನ್ನೇ ಹೇಳಿದರೆ, ನಿಮ್ಮಿಂದ ಇನ್ನು ಏನೂ ಆಗದು ಎಂದಂತಾಗುತ್ತದೆ. ಮೀನು ತರುವುದೋ ಕರೆಂಟ್ ಬಿಲ್ಲಿನ ಲೆಕ್ಕವೋ, ಒಂದು ಜವಾಬ್ದಾರಿಯನ್ನು ಪೂರ್ತಿಯಾಗಿ ಅವರಿಗೇ ಬಿಡೋಣ. ತಪ್ಪಿದರೆ ಮಕ್ಕಳ ಎದುರು ಗದರಿಸದಿರೋಣ.

ಇನ್ನೊಂದು ಬದಿಯೂ ಇದೆ. ಅಜ್ಜ ಮನೆಯಲ್ಲೇ ಇದ್ದಾರಲ್ಲ ಎಂದು ಮೊಮ್ಮಕ್ಕಳ ಕಾವಲು, ರೇಷನ್ನಿನ ಸರತಿ, ಗ್ಯಾಸಿನವನಿಗೆ ಕಾಯುವುದು, ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಜ್ಜಿಗೆ ಅಡುಗೆಮನೆಯಿಂದ ನಿವೃತ್ತಿಯೇ ಇಲ್ಲ ಎಂಬುದನ್ನೂ ನೆನಪಿಡೋಣ. ಅಜ್ಜ ತೆಂಗಿನಕಾಯಿ ತುರಿದುಕೊಟ್ಟರೆ, ಗಂಜಿಯ ಪಾತ್ರೆ ತೊಳೆದಿಟ್ಟರೆ ಅವರ ಗೌರವಕ್ಕೆ ಕುಂದಿಲ್ಲ.

ಸುರಕ್ಷತೆಯೂ ಮುಖ್ಯ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು, ಜಾರದ ನೆಲ, ರಾತ್ರಿ ಒಂದು ಸಣ್ಣ ದೀಪ ಇರಲಿ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳವನ್ನು ಆಗಾಗ ಉಜ್ಜಿಸಬೇಕು. ಏಣಿ ಹತ್ತುವ ಹಳೆಯ ಅಭ್ಯಾಸ ಬಿಡಿಸಬೇಕು. ಕಿವಿ ಕೇಳದಿದ್ದರೆ ಗದರಿ ಮಾತನಾಡುವ ಬದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೊಬೈಲ್ ಕಲಿಸುವವರು ಮೋಸದ ಕರೆಗಳ ಬಗ್ಗೆಯೂ ಹೇಳಿಕೊಡಬೇಕು. 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಿರಿಯರ ಇತರ ಸಂಕಷ್ಟಗಳಿಗೆ 14567 ಸಹಾಯವಾಣಿಯಿದೆ.

ಧರ್ಮಕೇಂದ್ರ ಏನು ಮಾಡಬಹುದು?

ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವೆಂದು ಸಾರಿದರು. ಅಂದು ಹಿರಿಯರಿಗೆ ಹೂ ಕೊಟ್ಟು ಊಟ ಬಡಿಸುವುದು ಸಂತೋಷದ ವಿಷಯ. ಉಳಿದ ದಿನಗಳಿಗೂ ಏನಾದರೂ ಬೇಕಲ್ಲವೇ? ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ಅವರಿಗೆ ಯಾವ ಕೆಲಸ ಗೊತ್ತು ಎಂದು ಬರೆದಿಟ್ಟುಕೊಳ್ಳಬಹುದು. ಬ್ಯಾಂಕಿನಲ್ಲಿದ್ದವರು ಸಂಘಗಳ ಲೆಕ್ಕ ನೋಡಬಹುದು, ಮಾಸ್ತರರಾಗಿದ್ದವರು ಮಕ್ಕಳಿಗೆ ಸಂಜೆಪಾಠ ಹೇಳಬಹುದು, ಕಸಿ ಕಟ್ಟುವವರು ಯುವಕರಿಗೆ ಅದನ್ನು ಕಲಿಸಬಹುದು. ನಡೆಯಲಾಗದವರನ್ನು ಭಾನುವಾರ ಪೂಜೆಗೆ ಕರೆತರಲು ಪಕ್ಕದ ಮನೆಯ ವಾಹನದಲ್ಲಿ ಒಂದು ಸೀಟು ಸಾಕು.

ಸಂಬಳದ ಕೆಲಸಕ್ಕೆ ನಿವೃತ್ತಿಯಿದೆ, ಮನುಷ್ಯನಿಗಿಲ್ಲ. ಈ ವಾರ ನಮ್ಮ ಮನೆಯ ಅಜ್ಜನ ಬಳಿ ಕುಳಿತು, 'ಅಜ್ಜಾ, ಇದನ್ನು ಹೇಗೆ ಮಾಡುವುದು, ನನಗೂ ಸ್ವಲ್ಪ ಕಲಿಸಿ' ಎಂದು ಕೇಳಿ ನೋಡೋಣ.