ಕೆಮ್ಮಣ್ಣಿನ ದಾರಿಯಲ್ಲಿ ಹಳದಿ ದೀಪ

ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರನ್ನು ಹೊತ್ತು ಬಂದ ಲಾರಿಯೊಂದು ಯಶವಂತನಗರದ ಸಮೀಪದ ಏರಿನಲ್ಲಿ ಎಳೆತ ಕುಂದಿ, ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕೃತಿಯ ಹಳದಿ ದೀಪ ಹೊತ್ತಿಕೊಂಡು, ರಸ್ತೆಯ ಬದಿಗೆ ನಿಂತಿತೆಂದು ಭಾವಿಸೋಣ. ಮೆಕ್ಯಾನಿಕ್ಕು ಸ್ಕ್ಯಾನರನ್ನು ಜೋಡಿಸಿ, ತೆರೆಯ ಮೇಲೆ ಮೂಡಿದ ಸಂಖ್ಯೆಯನ್ನು ಓದಿ, ‘ಬೂಸ್ಟ್ ಸೆನ್ಸಾರ್ ಹೋಗಿದೆ’ ಎನ್ನುತ್ತಾನೆ, ಹೊಸಪೇಟೆಯಿಂದ ಹೊಸ ಸೆನ್ಸಾರು ಬರುತ್ತದೆ, ದೀಪ ಆರುತ್ತದೆ, ಮರುದಿನ ಅದೇ ಏರಿನಲ್ಲಿ ಮತ್ತೆ ಹೊತ್ತುತ್ತದೆ. ತಿಂಗಳ ಕಂತು ಕಟ್ಟಬೇಕಾದ ಒಂಟಿ ಲಾರಿಯ ಮಾಲೀಕನಿಗೆ ಇದು ಸಣ್ಣ ನಷ್ಟವಲ್ಲ. ಆದಕಾರಣ ಆ ದೀಪವು ಏನನ್ನು ಕಂಡು ಹೊತ್ತಿತು, ಯಾವುದನ್ನು ಅದು ಕಾಣಲಾರದು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಹಿಂದಿನ ಲಾರಿಗಳಲ್ಲಿ ಈ ದೀಪವಿರಲಿಲ್ಲ. ಹೊಗೆಯ ಬಣ್ಣ, ಎಂಜಿನ್ನಿನ ನಾದ, ಡೀಸೆಲ್ಲಿನ ಖರ್ಚು ಇವುಗಳಿಂದಲೇ ಅನುಭವಸ್ಥನಾದ ಮಿಸ್ತ್ರಿಯು ದೋಷವನ್ನು ಊಹಿಸುತ್ತಿದ್ದನು. ದೀಪದ ಮೂಲವಾದರೋ ದೂರದ ಲಾಸ್ ಏಂಜಲೀಸ್ ನಗರದ ಕಲುಷಿತ ವಾಯುವಿನಲ್ಲಿದೆ. ವಾಹನಗಳ ಹೊಗೆಯು ಸೂರ್ಯಪ್ರಕಾಶದಲ್ಲಿ ಪರಿವರ್ತನೆ ಹೊಂದಿ, ಕಣ್ಣುರಿಸುವ ಮಬ್ಬನ್ನು ಉಂಟುಮಾಡುತ್ತದೆಂಬುದನ್ನು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನವಿಜ್ಞಾನಿಯು ತೋರಿಸಿಕೊಟ್ಟ ತರುವಾಯ, ಹೊಗೆಯನ್ನು ನಿಯಂತ್ರಿಸುವ ಅಂಗಗಳು ಕೆಟ್ಟಾಗ ವಾಹನವೇ ಅದನ್ನು ಸಾರಬೇಕೆಂಬ ನಿಯಮವು ಕ್ಯಾಲಿಫೋರ್ನಿಯದಲ್ಲಿ 1988ರ ಮಾದರಿಗಳಿಂದ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ವಿಧಿಸುವ ಭಾರತ್ ಸ್ಟೇಜ್ ನಾಲ್ಕರ ಮಾನವು 2017ರ ಏಪ್ರಿಲ್ 1ರಂದು ಎಲ್ಲೆಡೆಗೂ ವ್ಯಾಪಿಸಿತು. ಆರನೆಯದು 2020ರ ಏಪ್ರಿಲ್ 1ರಂದು. ನಾಲ್ಕನೆಯ ಮಾನದ ಲಾರಿಗಳೇ ಇಂದು ಹಳೆಯವಾಗಿ, ಧೂಳಿನ ದಾರಿಗಳಲ್ಲಿ ಸವೆಯುತ್ತಿರುವುವು.

ಈ ದೀಪವನ್ನು ಹೊತ್ತಿಸುವ ಎಂಜಿನ್ನಿನ ಗಣಕಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅದು ಬಲ್ಲದ್ದು ವೋಲ್ಟೇಜನ್ನು ಮಾತ್ರ. ಒತ್ತಡವನ್ನು ಅಳೆಯುವ ಸೆನ್ಸಾರಿಗೆ ಗಣಕವು ಸಾಮಾನ್ಯವಾಗಿ 5 ವೋಲ್ಟ್ ಒದಗಿಸುತ್ತದೆ. ಸೆನ್ಸಾರು ಸುಮಾರು 0.5ರಿಂದ 4.5 ವೋಲ್ಟಿನೊಳಗೆ ಉತ್ತರ ಕೊಡುತ್ತದೆ. ಉತ್ತರವು ಈ ಮೇರೆಯನ್ನು ಮೀರಿದರೆ ತಂತಿ ತುಂಡಾಗಿರಬೇಕು, ಇಲ್ಲವೇ ಎಲ್ಲಿಯೋ ತಗುಲಿರಬೇಕು, ಇಲ್ಲವೇ ಸೆನ್ಸಾರೇ ಕೆಟ್ಟಿರಬೇಕು. ಉತ್ತರವು ಮೇರೆಯೊಳಗೇ ಇದ್ದು, ಎಂಜಿನ್ನಿನ ವೇಗಕ್ಕೂ ಭಾರಕ್ಕೂ ಹೊಂದದಿದ್ದರೆ ಕಾರಣ ಬೇರೆ. ಅನೇಕ ಭಾರೀ ವಾಹನಗಳಲ್ಲಿ ದೋಷಸಂಕೇತವು ಎರಡು ಸಂಖ್ಯೆಗಳ ಜೋಡಿಯಾಗಿರುವುದು ಈ ಭೇದವನ್ನು ತಿಳಿಸುವುದಕ್ಕಾಗಿಯೇ. ಮೊದಲಿನದು 102 ಎಂದಿದ್ದರೆ ಟರ್ಬೊ ತುಂಬುವ ಗಾಳಿಯ ಒತ್ತಡ. ಅದರೊಡನೆ 3 ಅಥವಾ 4 ಬಂದರೆ ವೋಲ್ಟೇಜು ಕ್ರಮವಾಗಿ ಮೇಲೆ ಅಥವಾ ಕೆಳಗೆ ಮೇರೆ ಮೀರಿದೆ. 18 ಬಂದರೆ ಅಳತೆಯು ಗ್ರಾಹ್ಯವಾದದ್ದೇ, ಒತ್ತಡವೇ ಕಡಮೆಯಾಗಿದೆ. ಎರಡನೆಯ ಸಂಖ್ಯೆಯನ್ನು ಓದದೆ ಸೆನ್ಸಾರನ್ನು ಬದಲಿಸುವುದೇ ಮೇಲೆ ಹೇಳಿದ ನಷ್ಟದ ಬೇರು.

ಸೆನ್ಸಾರು ಸತ್ಯವನ್ನು ನುಡಿಯುತ್ತಿದೆಯೇ ಎಂಬುದನ್ನು ಪರೀಕ್ಷಿಸಲು ಖರ್ಚಿಲ್ಲದ ಒಂದು ಉಪಾಯವುಂಟು. ಅದು ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಅದಕ್ಕೆ ನಮ್ಮ ತಲೆಯ ಮೇಲಿನ ವಾಯುಮಂಡಲವೇ ಅಳತೆಗೋಲು. ಎಂಜಿನ್ನನ್ನು ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿದಾಗ ಟರ್ಬೊ ನಿಶ್ಚಲವಾಗಿರುವುದರಿಂದ, ಕೊಳವೆಯೊಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮವಾಗಿರಲೇಬೇಕು. ಕಡಲತೀರದಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವ ಸಂಡೂರಿನಲ್ಲಿ 95ರ ಆಸುಪಾಸು. ಸ್ಕ್ಯಾನರಿನಲ್ಲಿ ಈ ಅಂಕೆ ಕಂಡರೆ ಸೆನ್ಸಾರನ್ನು ಬಹುಮಟ್ಟಿಗೆ ನಂಬಬಹುದು. (ವಾಯುಭಾರವನ್ನು ಕಳೆದು ತೋರಿಸುವ ಸ್ಕ್ಯಾನರುಗಳಲ್ಲಿ ಸೊನ್ನೆ ಬರುತ್ತದೆ.) 60 ಎಂದೋ 140 ಎಂದೋ ತೋರಿದರೆ ಸೆನ್ಸಾರಿನ ಮೇಲಣ ಸಂಶಯವು ನ್ಯಾಯವಾದದ್ದು.

ಸೆನ್ಸಾರು ನಿರ್ದೋಷಿಯೆಂದಾದ ಮೇಲೆ ಗಾಳಿಯ ಮಾರ್ಗವನ್ನು ಪರೀಕ್ಷಿಸಬೇಕು. ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರಿನ ಹೋಸ್ ಪೈಪುಗಳಲ್ಲಿ ಸೀಳುಂಟಾದರೆ, ಗಾಳಿಯೊಡನೆ ಟರ್ಬೊದ ಎಣ್ಣೆಯ ಸೂಕ್ಷ್ಮ ಹನಿಗಳೂ ಹೊರಬೀಳುತ್ತವೆ. ಆ ಜಿಡ್ಡಿಗೆ ಸಂಡೂರಿನ ಕೆಂಧೂಳು ಅಂಟಿ, ಉಳಿದೆಡೆ ಒಣಗಿದ ತಿಳಿಗೆಂಪಿರುವ ಪೈಪಿನ ಮೇಲೆ ಒದ್ದೆಯಾದ ಕಡುಗೆಂಪು ಕಲೆಯೊಂದು ಮೂಡುತ್ತದೆ. ಬೇರೆ ಊರುಗಳಲ್ಲಿ ಸಾಬೂನಿನ ನೀರು ಬಳಿದು ಗುಳ್ಳೆಗಳನ್ನು ಹುಡುಕಬೇಕಾದೆಡೆ, ಇಲ್ಲಿ ಮಣ್ಣೇ ಗುರುತು ಹಾಕಿಕೊಟ್ಟಿರುತ್ತದೆ. ತೊಳೆಯುವ ಮುನ್ನವೇ ಅದನ್ನು ನೋಡಬೇಕು.

ಇದೇ ಧೂಳು ಏರ್ ಫಿಲ್ಟರನ್ನು ತುಂಬಿ ಟರ್ಬೊದ ಉಸಿರು ಕಟ್ಟಿಸುವುದೂ ಉಂಟು; ಕಂಪ್ರೆಸರಿನ ಬಿರುಗಾಳಿಯಿಂದ ಅದನ್ನು ಶುದ್ಧಿಮಾಡಹೋದರೆ ಕಾಗದದ ಮಡಿಕೆ ಹರಿದು ಧೂಳು ನೇರವಾಗಿ ಎಂಜಿನ್ನಿಗಿಳಿಯುವ ಭಯವಿದೆ. ಆದರೆ ವೇಗವನ್ನು ಅಳೆಯುವ ಅಯಸ್ಕಾಂತದ ಸೆನ್ಸಾರಿಗೆ ಅಂಟಿದ ಪುಡಿಯನ್ನೂ ಅದಿರಿನ ಧೂಳೆಂದು ಬಗೆಯಲಾಗದು. ಇಲ್ಲಿಯ ಅದಿರು ಮುಖ್ಯವಾಗಿ ಹೆಮಟೈಟ್. ಅಯಸ್ಕಾಂತಕ್ಕೆ ಅದರಲ್ಲಿ ಆಸಕ್ತಿ ಅತ್ಯಲ್ಪ. ಸೆನ್ಸಾರಿನ ತುದಿಯಲ್ಲಿ ಕಪ್ಪಗೆ ಹೊಳೆಯುವ ಪುಡಿ ದೊರೆತರೆ ಅದು ಯಂತ್ರದೊಳಗಣ ಉಕ್ಕು ಸವೆದು ಉದುರಿದ್ದು. ಅದರ ಮೂಲವನ್ನೇ ಅರಸಬೇಕು.

ಪರಸ್ಪರ ಸಂಬಂಧವಿಲ್ಲದ ಹಲವು ಸಂಕೇತಗಳು ಒಮ್ಮೆಗೇ ಬಂದಲ್ಲಿ, ಅಷ್ಟೂ ಅಂಗಗಳು ಒಂದೇ ಮುಹೂರ್ತದಲ್ಲಿ ಕೆಟ್ಟವೆನ್ನುವುದಕ್ಕಿಂತ, ಅವೆಲ್ಲಕ್ಕೂ ಸಾಮಾನ್ಯವಾದ ಬ್ಯಾಟರಿ, ಅರ್ಥ್ ತಂತಿ, ಗಣಕಗಳ ನಡುವೆ ಸಂದೇಶ ಸಾಗಿಸುವ ತಂತಿಗಳ ಜೋಡಿ ಇವುಗಳನ್ನು ಮೊದಲು ನೋಡತಕ್ಕದ್ದು. ಆ ಜೋಡಿಯ ಎರಡು ತುದಿಗಳಲ್ಲಿಯೂ 120 ಓಮಿನ ರೋಧಕಗಳಿರುವುದರಿಂದ, ಬ್ಯಾಟರಿಯನ್ನು ಕಳಚಿ ಆ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ತಂತಿ ಕಡಿದಿರಬೇಕು ಅಥವಾ ಒಂದು ರೋಧಕ ಹೋಗಿರಬೇಕು.

ದೀಪವು ಕೆಂಪಾಗಿದ್ದರೆ, ವಿಶೇಷವಾಗಿ ಆಯಿಲ್ ಒತ್ತಡದ್ದಾಗಿದ್ದರೆ, ಈ ವಿಚಾರಗಳಿಗೆಲ್ಲ ಅವಕಾಶವಿಲ್ಲ. ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು. ಹಳದಿಯಾಗಿದ್ದರೆ ಸಂಕೇತವನ್ನೂ, ಅದರೊಡನೆ ಗಣಕವು ದಾಖಲಿಸಿರುವ ವೇಗ, ಭಾರ, ಉಷ್ಣತೆಗಳನ್ನೂ ಅಳಿಸುವ ಮುನ್ನ ಕಾಗದದಲ್ಲಿ ಬರೆದುಕೊಳ್ಳಬೇಕು. ದುರಸ್ತಿಯಾದ ಲಾರಿಯನ್ನು ಸಮತಟ್ಟಾದ ರಸ್ತೆಯಲ್ಲಿ ಖಾಲಿಯಾಗಿ ಓಡಿಸಿ ನೋಡಿದರೆ ಸಾಲದು. ರಬ್ಬರಿನ ಸೀಳು ಬಾಯ್ದೆರೆಯುವುದು ಟರ್ಬೊ ಪೂರ್ಣಬಲದಿಂದ ಊದಿದಾಗ ಮಾತ್ರ. ಆದ್ದರಿಂದ ನಿಯಮಿತ ಭಾರವನ್ನು ಹೇರಿ, ಮೊದಲು ದೀಪ ಹೊತ್ತಿದ ಆ ಏರನ್ನೇ ಮತ್ತೊಮ್ಮೆ ಹತ್ತಿಸಬೇಕು.