ಹಿಮಕ್ಕೆ ದಸರಾ ರಜೆ ಗೊತ್ತಿಲ್ಲ

ಬೆಂಗಳೂರಿನ ಚಳಿಯ ದಾಖಲೆ ಇನ್ನೂ 1884ರ ಜನವರಿ 13ರದ್ದೇ: 7.8 ಡಿಗ್ರಿ. ಕಡಲೆಕಾಯಿ ಪರಿಷೆ ಹೊತ್ತಿಗೇ ಮಂಕಿ ಕ್ಯಾಪ್ ಏರಿಸುವ ಬಸವನಗುಡಿಯ ಮನೆಗಳಲ್ಲೂ ಈಗ ಗುಲ್ಮಾರ್ಗಿಗೆ ಹೋಗಿ ಸ್ಕೀ ಮಾಡುವ ಮಾತು. ಬಟ್ಟೆ, ದುಡ್ಡು ಎರಡನ್ನೂ ಹೇಗೋ ಹೊಂದಿಸಬಹುದು. ಹೊಂದದೇ ಇರುವುದು ಶಾಲೆಯ ರಜೆ.

ದಸರಾಕ್ಕೆ ಹೋದರೆ ಅಲ್ಲಿರುವುದು ಬರೀ ಹುಲ್ಲುಗಾವಲು. ಬೇಸಿಗೆ ರಜೆಯ ಹೊತ್ತಿಗೆ ಕೆಳಗಿನ ಇಳಿಜಾರಿನಲ್ಲಿ ಕೆಸರು. ‘ಚಿಲ್ಲೈ ಕಲಾನ್’ ಎಂದು ಕಾಶ್ಮೀರಿಗಳು ಕರೆಯುವ ನಲವತ್ತು ದಿನದ ಕಡುಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ ನಿಜ. ಆದರೆ ಕ್ರಿಸ್‌ಮಸ್ ರಜೆಯಷ್ಟರಲ್ಲಿ ಸ್ಕೀಗೆ ಸಾಲುವಷ್ಟು ಹಿಮ ಬೀಳುವುದು ಅದೃಷ್ಟದ ಮಾತು. ನೆಚ್ಚಬಹುದಾದದ್ದು ಜನವರಿ ಕೊನೆಯಿಂದ ಫೆಬ್ರವರಿ. ಎಸ್ಸೆಸ್ಸೆಲ್ಸಿ ಮಗುವಿರುವ ಮನೆಯಲ್ಲಿ ಪ್ರವಾಸದ ಸುದ್ದಿಯನ್ನೇ ಎತ್ತುವಂತಿಲ್ಲ! ಆ ತಿಂಗಳುಗಳಲ್ಲೂ ಹಿಮದ ಖಾತರಿಯೇನಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. 2025ರಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೇ ಫೆಬ್ರವರಿಯಿಂದ ಮಾರ್ಚ್‌ಗೆ ಹೋಯಿತು. ಹಾಗಾಗಿ ದಿನಾಂಕ ಬದಲಿಸಲು ಬರುವ ಟಿಕೆಟ್ಟಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಹೊರಟು, ಟಂಗ್‌ಮಾರ್ಗ್‌ನಲ್ಲಿ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹತ್ತಿ, ಗೊಂಡೋಲಾ ಎಂಬ ಕೇಬಲ್ ಕಾರಿನಲ್ಲಿ ಫೋಟೊ ತೆಗೆಸಿಕೊಂಡು ಸಂಜೆಗೆ ವಾಪಸ್ ಬರುವ ಪ್ಯಾಕೇಜುಗಳೇ ಜಾಸ್ತಿ. ಅದರಲ್ಲಿ ಸ್ಕೀ ಕಲಿಯಲಾಗದು. ಗುಲ್ಮಾರ್ಗಿನಲ್ಲೇ ನಾಲ್ಕೈದು ರಾತ್ರಿ ಉಳಿಯಬೇಕು. ಮೊದಲ ದಿನವೆಲ್ಲ ಬೂಟಿಗೇ ಸರಿಹೋಗುತ್ತದೆ: ಗಟ್ಟಿ ಪ್ಲಾಸ್ಟಿಕ್ಕಿನದು, ಪಾದ ಮಡಚಲು ಬಿಡದು, ಬಕಲ್ ಬಿಗಿದರೆ ಮೊಣಕಾಲು ತಾನಾಗಿ ಮುಂದಕ್ಕೆ ಬಾಗುತ್ತದೆ. ಸ್ಕೀ ಹಲಗೆಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲಿಸಿದರೆ ವೇಗ ತಗ್ಗುತ್ತದೆ. ಇದಿಷ್ಟು ಬರುವವರೆಗೆ ಹೊಸಬರಿಗೆ ಬುಡದ ತಗ್ಗು ಇಳಿಜಾರೇ ಗತಿ. ಬೂಟು, ಹಲಗೆ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಜೀನ್ಸ್ ಮಾತ್ರ ಬೇಡ, ಒದ್ದೆಯಾದರೆ ಮುಗಿಯಿತು.

ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರಿಗೂ ಎತ್ತರಕ್ಕೆ ಒಯ್ಯುತ್ತದೆ. ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ನೋಡಿ ಬರಲು ಸರಿ, ಅಲ್ಲಿಂದ ಸ್ಕೀಯಲ್ಲಿ ಇಳಿಯುವುದು ಪಳಗಿದವರ ಕೆಲಸ. ಅವರಿಗೂ ಅಪಾಯ ತಪ್ಪಿದ್ದಲ್ಲ: 2023ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಇಬ್ಬರು ಪೋಲಿಷ್ ಸ್ಕೀಯರ್‌ಗಳು ಸತ್ತರು.

ದಕ್ಷಿಣದವರಿಗೆ ಇದೆಲ್ಲ ಯಾಕೆ ಎಂದು ಹಿರಿಯರು ಗೊಣಗಿದರೆ ಕೊಡಗಿನ ಸ್ಕೀಯರ್ ತೆಕ್ಕಡ ಭವಾನಿ ಹೆಸರು ಹೇಳಿ. ಇದೇ ಗುಲ್ಮಾರ್ಗಿನ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದವರು ಆಕೆ. ಇನ್ನೊಂದು, ಇಲ್ಲಿನ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯದು. ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.