ಓಸಿಐ: ಕೇಳಿದ್ದು ಒಂದು, ಕಾಯ್ದೆಯಲ್ಲಿರುವುದು ಇನ್ನೊಂದು

ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ನೆಂಟರು ರಜೆಗೆ ಬಂದಿದ್ದರೆ, ಊಟದ ಮೇಲಿನ ಮಾತು ಒಂದಲ್ಲ ಒಂದು ಹೊತ್ತಿಗೆ ವಿದೇಶದ ಪೌರತ್ವವಿರುವ ಭಾರತ ಮೂಲದವರಿಗೆ ಸಿಗುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನತ್ತ ತಿರುಗುತ್ತದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಂತೂ ಎಲ್ಲರೂ ವಕೀಲರೇ. ಅಲ್ಲಿ ಓಡಾಡುವ ಮಾತುಗಳಲ್ಲಿ ಕೆಲವು ಹಳೆಯ ನಿಯಮಗಳು, ಉಳಿದವು ಬರೀ ಆಸೆ.

“ಓಸಿಐ ಇದ್ರೆ ಎರಡೂ ದೇಶದ ಪೌರತ್ವ ಇದ್ದ ಹಾಗೇ”

ಅಲ್ಲ. ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತಾನಾಗಿಯೇ ಕೊನೆಗೊಳ್ಳುತ್ತದೆ. ಅದಕ್ಕೆ ಯಾವ ಅಧಿಕಾರಿಯ ಸಹಿಯೂ ಬೇಕಿಲ್ಲ. ಈ ಗೊಂದಲಕ್ಕೆ ಸರ್ಕಾರದ ಪಾಲೂ ಇದೆ. ಸರ್ಕಾರವೇ ನೇಮಿಸಿದ್ದ ಎಲ್.ಎಂ. ಸಿಂಘ್ವಿ ನೇತೃತ್ವದ ಸಮಿತಿ 2002ರಲ್ಲಿ ಶಿಫಾರಸು ಮಾಡಿದ್ದು ದ್ವಿಪೌರತ್ವವನ್ನೇ. ಆದರೆ ಕಾಯ್ದೆಗೆ ತಿದ್ದುಪಡಿಗಳಾಗಿ, 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಯೋಜನೆಗೆ ಚಾಲನೆ ಸಿಗುವ ಹೊತ್ತಿಗೆ ಉಳಿದದ್ದು ಜೀವನಪರ್ಯಂತದ ವೀಸಾ ಮತ್ತು ಒಂದಿಷ್ಟು ಸವಲತ್ತು. ಮತವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯೂ ಇಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದುಬಿಟ್ಟಿದ್ದರೆ ಅದು ಪಟ್ಟಿಯ ತಪ್ಪೇ ಹೊರತು ನಿಮ್ಮ ಹಕ್ಕಲ್ಲ.

ಎನ್‌ಆರ್‌ಐ ಮಾತು ಬೇರೆ. ಎಷ್ಟೇ ವರ್ಷ ಹೊರಗಿರಲಿ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ನಮೂನೆ 6ಎ ತುಂಬಿ, ಮತಗಟ್ಟೆಗೆ ಖುದ್ದಾಗಿ ಬಂದು ಮತ ಹಾಕಬಹುದು.

“ಹಳೇ ಇಂಡಿಯನ್ ಪಾಸ್‌ಪೋರ್ಟ್ ಅವಧಿ ಮುಗಿಯೋವರೆಗೂ ಬಳಸಬಹುದು”

ಖಂಡಿತ ಕೂಡದು. ಹೊಸ ಪೌರತ್ವ ಸಿಕ್ಕ ಮೇಲೆ ಅದರಲ್ಲಿ ಪ್ರಯಾಣ ಮಾಡಿದರೆ ದಂಡ ಬೀಳುತ್ತದೆ. ಭಾರತೀಯ ದೂತಾವಾಸಕ್ಕೆ ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಮೊನ್ನೆ ಮೊನ್ನೆ ಪೌರತ್ವ ಬದಲಿಸಿದವರ ಓಸಿಐ ಅರ್ಜಿ ಆ ಪತ್ರವಿಲ್ಲದೆ ಮುಂದೆ ಹೋಗುವುದಿಲ್ಲ.

“ಕರ್ನಾಟಕದಲ್ಲಿ ಈಗ ಯಾರು ಬೇಕಾದ್ರೂ ಜಮೀನು ತಗೋಬಹುದಲ್ಲ”

ಇದು ಅರ್ಧ ನಿಜ, ಹಾಗಾಗಿ ಪೂರ್ತಿ ಅಪಾಯ. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ್ದು ಸರಿ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಆದರೆ ಓಸಿಐದಾರರಿಗೆ ಅಡ್ಡ ನಿಂತಿರುವುದು ಆ ಕಾಯ್ದೆಯಲ್ಲ, ಕೇಂದ್ರದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ. ಅದರ ಪ್ರಕಾರ ಕೃಷಿ ಜಮೀನು, ಫಾರ್ಮ್‌ಹೌಸ್, ತೋಟ ಇವನ್ನು ಅವರು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟವಾಗಲಿ, ದೇವನಹಳ್ಳಿಯ ದ್ರಾಕ್ಷಿ ತೋಟವಾಗಲಿ, ಉತ್ತರ ಅದೇ. ಈ ನಿರ್ಬಂಧ ಹೊರದೇಶದಲ್ಲಿ ನೆಲೆಸಿರುವ ಎನ್‌ಆರ್‌ಐಗಳಿಗೂ ಇದೆ. ಬೆಂಗಳೂರಿನ ಫ್ಲ್ಯಾಟಿಗೆ, ಬಡಾವಣೆಯ ಮನೆಗೆ ಅಡ್ಡಿಯಿಲ್ಲ. ಅಪ್ಪನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಮಗಳಿಗೆ ಬಂದರೆ ಅದಕ್ಕೂ ಅಡ್ಡಿಯಿಲ್ಲ. ಬದುಕಿದ್ದಾಗ ಅಪ್ಪ ಪ್ರೀತಿಯಿಂದ ದಾನಪತ್ರ ಬರೆದರೆ ತೊಡಕು, ತೀರಿಕೊಂಡ ಮೇಲೆ ವಾರಸಿನಲ್ಲಿ ಬಂದರೆ ಸರಿ! ನೋಂದಣಿ ಕಚೇರಿಯಲ್ಲಿ ಪತ್ರ ರಿಜಿಸ್ಟರ್ ಆಗಿಬಿಟ್ಟರೆ ಎಲ್ಲ ಸರಿಹೋಯಿತು ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ಫೆಮಾ ಉಲ್ಲಂಘನೆಯನ್ನು ನೋಂದಣಿ ತೊಳೆದುಹಾಕುವುದಿಲ್ಲ.

“ಅಜ್ಜ ನಮ್ಮೂರಿನವರು ಅಂದ್ರೆ ಸಾಕು”

ಅರ್ಹತೆಗೆ ಸಾಕು, ಅರ್ಜಿಗೆ ಸಾಲದು. 1950ರ ಜನವರಿ 26ರಂದು ಅಥವಾ ಆನಂತರ ಭಾರತದ ಪ್ರಜೆಯಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳವರೆಗೂ ಕಾಯ್ದೆ ಬಾಗಿಲು ತೆರೆದಿದೆ. (ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರತ್ವ ಹೊಂದಿದ್ದವರಿಗೂ ಅವರ ಸಂತತಿಗೂ ಇಲ್ಲ.) ಆದರೆ ಪ್ರತಿ ತಲೆಮಾರಿನ ಕೊಂಡಿಯನ್ನೂ ಕಾಗದದಲ್ಲಿ ತೋರಿಸಬೇಕು. ಅರ್ಜಿಗಳು ಒದ್ದಾಡುವುದು ಇಲ್ಲೇ.

ನಮ್ಮಲ್ಲಿ ಅಜ್ಜನ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಇನ್ನು ಹೆಸರು. ಹಳೇ ಮೈಸೂರಿನ ಕಡೆಯವರಿಗೆ ಮನೆತನದ ಹೆಸರೇ ಇರುವುದಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಂದೆ ತನ್ನ ಹೆಸರು. ಅದೇ ಮನುಷ್ಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಇನ್ನೊಂದು ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನೇ ಮನೆತನದ ಹೆಸರಾಗಿಸಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಅದರ ಅರ್ಥ ‘ಮೊದಲ ಹೆಸರು ಗೊತ್ತಿಲ್ಲ’. ಮೊಮ್ಮಗುವಿನ ಜನನ ಪತ್ರದಲ್ಲಿ ಅಪ್ಪನ ಹೆಸರು ಹಾಗೇ ಮೂಡಿದರೆ, ಅವನು ಇವನೇ ಎಂದು ಅಫಿಡವಿಟ್ಟಿನಲ್ಲಿ ಸಾಬೀತು ಮಾಡುತ್ತ ಕೂರಬೇಕು. ಇದಕ್ಕೆ ಗುಮಾಸ್ತರನ್ನು ಬೈದು ಉಪಯೋಗವಿಲ್ಲ.

“ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಕಾರ್ಡು ಮಾಡಿಸಬೇಕು”

ಹಳೆಯ ಮಾತು. 2021ರಲ್ಲಿ ಇದನ್ನು ಸಡಿಲಿಸಿದರು. 20 ವರ್ಷ ತುಂಬುವ ಮೊದಲು ಕಾರ್ಡು ಪಡೆದವರು, 20 ದಾಟಿ ಹೊಸ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಮಾತ್ರ ಮರುಮುದ್ರಣ ಮಾಡಿಸಿದರಾಯಿತು. 20 ತುಂಬುವವರೆಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ, 50 ದಾಟಿದ ಮೇಲೆ ಹೊಸದು ಬಂದಾಗ ಒಮ್ಮೆ, ಅದರ ಪ್ರತಿಯನ್ನೂ ಫೋಟೊವನ್ನೂ ಮೂರು ತಿಂಗಳೊಳಗೆ ಸರ್ಕಾರದ ಜಾಲತಾಣಕ್ಕೆ ಏರಿಸಿದರೆ ಸಾಕು. ಇದು ಉಚಿತ, ಏಜೆಂಟರಿಗೆ ಹಣ ಕೊಡಬೇಡಿ.

“ಮಕ್ಕಳಿಗೆ ಇಲ್ಲಿ ಮೆಡಿಕಲ್ ಸೀಟು ಸುಲಭ”

2021ರ ಮಾರ್ಚ್ 4ರ ಅಧಿಸೂಚನೆ ಬಂದ ಮೇಲೆ ಓಸಿಐ ವಿದ್ಯಾರ್ಥಿಗಳಿಗೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ. ಆ ದಿನಕ್ಕಿಂತ ಮೊದಲು ಕಾರ್ಡು ಪಡೆದವರಿಗೆ ಇದು ತಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಅಂದರೆ ಒಂದೇ ಮನೆಯ ಅಕ್ಕನಿಗೆ ಒಂದು ನಿಯಮ, ತಮ್ಮನಿಗೆ ಇನ್ನೊಂದು ಆಗಬಹುದು. ಕಾರ್ಡಿನ ಮೇಲಿನ ದಿನಾಂಕ ನೋಡಿಕೊಳ್ಳಿ.

“ವಾಪಸ್ ಬಂದು ನೆಲೆಸಿದ್ರೆ ಪೌರತ್ವ ತಾನಾಗೇ ಬರುತ್ತೆ”

ಹೋಗುವುದು ತಾನಾಗಿ, ಬರುವುದು ಹಾಗಲ್ಲ. ಓಸಿಐ ಆಗಿ 5 ವರ್ಷ ಕಳೆದಿರಬೇಕು, ಅರ್ಜಿಗೆ ಹಿಂದಿನ 12 ತಿಂಗಳು ಭಾರತದಲ್ಲಿ ವಾಸವಿರಬೇಕು. ಅರ್ಜಿ ಆನ್‌ಲೈನಿನಲ್ಲಿ ಹಾಕಿದರೂ ಕಡತ ಜಿಲ್ಲಾಧಿಕಾರಿ ಕಚೇರಿಯಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು. ಕೊನೆಗೆ ವಿದೇಶದ ಪೌರತ್ವವನ್ನು ತ್ಯಜಿಸಿದ ಪುರಾವೆ ಕೊಡಬೇಕು. ಆಧಾರ್ ಇದೆ ಎಂದು ವಾದಿಸಬೇಡಿ: ವರ್ಷದಲ್ಲಿ 182 ದಿನ ಇಲ್ಲಿದ್ದ ಓಸಿಐದಾರರಿಗೂ ಆಧಾರ್ ಸಿಗುತ್ತದೆ, ಅದು ಪೌರತ್ವದ ಪುರಾವೆಯಲ್ಲ.

ಹೊರಗಿರುವವರು ಮುಂದಿನ ರಜೆಗೆ ಊರಿಗೆ ಬಂದಾಗ ಅಜ್ಜ-ಅಜ್ಜಿಯ ಹಳೆಯ ಪಾಸ್‌ಪೋರ್ಟ್, ಶಾಲೆಯ ದಾಖಲೆ, ಮದುವೆ ನೋಂದಣಿ ಪತ್ರಗಳನ್ನು ಸ್ಕ್ಯಾನ್ ಮಾಡಿಕೊಂಡು ಹೋಗಿ. ಹೆಸರುಗಳಲ್ಲಿ ವ್ಯತ್ಯಾಸವಿದ್ದರೆ ಅದರ ಅಫಿಡವಿಟ್ಟನ್ನು ಹಿರಿಯರು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಮಾಡಿಸಿಕೊಳ್ಳಿ.